ಕೊನೆಯ ಗದ್ದೆಯ ಕೂಗು

“ಗುರುಗಳೇ, ಕಂಪ್ಯೂಟರಿಗೆ ಜಾತಿಯಿಲ್ಲ, ಲಂಚದ ಆಸೆಯಿಲ್ಲ. ನ್ಯಾಯವನ್ನು ಅದರ ಕೈಗೇ ಕೊಟ್ಟರೆ ತಪ್ಪೇನು?” ಎಂದು ಶಿಷ್ಯ ಕೇಳಿದ. ಮಠದ ವಿದ್ಯಾರ್ಥಿನಿಲಯಕ್ಕೆ ಮಕ್ಕಳನ್ನು ಆರಿಸುವ ಕಂಪ್ಯೂಟರಿನ ಮುಂದೆ ಕೂರುವವನು ಅವನೇ. ಮಗನನ್ನು ಸೇರಿಸಲು ಬಂದಿದ್ದ ಒಬ್ಬ ತಾಯಿಯನ್ನು, ಅವಳ ಮಾತು ಮುಗಿಯುವ ಮೊದಲೇ, ‘ಕಂಪ್ಯೂಟರ್ ಒಪ್ಪುತ್ತಿಲ್ಲ’ ಎಂದು ಹೇಳಿ ಅದೇ ದಿನ ಬೆಳಿಗ್ಗೆ ವಾಪಸು ಕಳಿಸಿದ್ದ.

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ನೀರುಗಂಟಿಯಿದ್ದ. ಕೆರೆಯ ತೂಬು ತೆರೆದು ಗದ್ದೆಗಳಿಗೆ ನೀರು ಬಿಡುವುದು, ಸಾಕಾದಾಗ ಮುಚ್ಚುವುದು ಅವನ ಕೆಲಸ. ಕಾಲುವೆಯ ಕೊನೆಯಲ್ಲಿ ಒಬ್ಬ ವಿಧವೆಯ ಗದ್ದೆ. ಅಲ್ಲಿಗೆ ನೀರು ಮುಟ್ಟಿದಾಗ ಅವಳು ‘ಬಂತಪ್ಪೋ’ ಎಂದು ಕೂಗಬೇಕು. ಆ ಕೂಗು ಗದ್ದೆಯಿಂದ ಗದ್ದೆಗೆ ದಾಟಿ ತೂಬಿಗೆ ಬಂದ ಮೇಲೆಯೇ ಅವನು ಮುಚ್ಚಬೇಕು. ಅದು ಹಿಂದಿನಿಂದ ಬಂದ ಪದ್ಧತಿ.

ನೀರುಗಂಟಿ ತನ್ನವರಿಗೆ ಹೆಚ್ಚು ಬಿಡುತ್ತಾನೆಂದು ಒಮ್ಮೆ ಜಗಳವಾಯಿತು. ಊರವರು ತೂಬಿಗೆ ಕಂಪ್ಯೂಟರ್ ಕೂರಿಸಿದರು. ಕೂರಿಸಲು ಬಂದವನು ಹೇಳಿದ: “ನೀವು ತಿಳಿಸಿದ್ದನ್ನು ಇದು ನೆನಪಿಟ್ಟುಕೊಳ್ಳುತ್ತದೆ, ಲೆಕ್ಕ ಹಾಕುತ್ತದೆ, ಲೆಕ್ಕದಂತೆ ತೂಬು ನಡೆಸುತ್ತದೆ. ತಿಳಿಸದೇ ಇದ್ದದ್ದು ಇದರ ಪಾಲಿಗೆ ಇಲ್ಲವೇ ಇಲ್ಲ.” ಹಿರಿಯರು ಗದ್ದೆಗಳ ಅಳತೆ ಕೊಟ್ಟರು, ಬೆಳೆ ಹೇಳಿದರು, ಹೊತ್ತು ಹೇಳಿದರು. ಕೂಗಿನ ವಿಷಯ ಯಾರಿಗೂ ಹೊಳೆಯಲಿಲ್ಲ. ದಿನವೂ ಕಿವಿಗೆ ಬೀಳುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅದೂ ಬಡವಿಯ ಕೂಗು!

ಯಂತ್ರ ಕರಾರುವಾಕ್ಕಾಗಿ ತೆರೆಯಿತು, ಕರಾರುವಾಕ್ಕಾಗಿ ಮುಚ್ಚಿತು. ಮಣ್ಣಿನ ಕಾಲುವೆ ದಾರಿಯಲ್ಲೇ ಕುಡಿದ ನೀರು ಅದರ ಲೆಕ್ಕದಲ್ಲಿರಲಿಲ್ಲ. ಕೊನೆಯ ಗದ್ದೆಗೆ ಹನಿಯೂ ಮುಟ್ಟಲಿಲ್ಲ.

ವಿಧವೆ ತೂಬಿಗೆ ಓಡಿಬಂದಳು. ನೀರುಗಂಟಿ ಈಗ ಯಂತ್ರದ ಕಾವಲಿಗಿದ್ದ.

“ಅಣ್ಣಾ, ನನ್ ಪೈರು ಒಣಗ್ತಾ ಐತೆ. ಇನ್ನೊಂದ್ ಗಳಿಗೆ ಬಿಡಣ್ಣ.”

ಅವನು ಯಂತ್ರದ ಪರದೆ ನೋಡಿದ. “ನೀರು ಮುಟ್ಟೈತೆ ಅಂತ ತೋರಿಸ್ತೈತಲ್ಲವ್ವ. ನನ್ ಕೈಲೇನೈತೆ?”

ತೂಬಿನ ಹಳೆಯ ಹಿಡಿ ಅವನ ಪಕ್ಕದಲ್ಲೇ ಇತ್ತು. ತಿರುಗಿಸಿದರೆ ನೀರು ಹರಿಯುತ್ತದೆಂದು ಅವನಿಗೆ ಗೊತ್ತಿತ್ತು. ಅವಳ ಮುಖ ನೋಡಿ ಸಂಕಟವೂ ಆಯಿತು. ಆದರೆ ಮೊದಲಾಗಿದ್ದರೆ ತಪ್ಪು ಅವನ ತಲೆಗೆ ಬರುತ್ತಿತ್ತು, ಈಗ ಬರುವುದಿಲ್ಲ. ಆ ನಿರಾಳ ಅವನಿಗೆ ಹಿತವಾಗಿತ್ತು. ಅವಳು ಬದುವಿನ ಮೇಲೆ ನಿಂತು ‘ಬಂದಿಲ್ಲಪ್ಪೋ’ ಎಂದು ದಿನಾ ಕೂಗಿದಳು. ಪೈರು ಒಣಗಿ ನೆಲ ಕಚ್ಚಿದ ಮೇಲೆ ಕೂಗುವುದನ್ನು ಬಿಟ್ಟಳು.

ಕತೆ ಮುಗಿಯಿತು. “ಯಂತ್ರಕ್ಕೆ ಕಿವಿಯಿರಲಿಲ್ಲ, ಅದೇ ದೋಷ” ಎಂದ ಶಿಷ್ಯ.

ಗುರುಗಳು ಹೇಳಿದರು: “ನೀರುಗಂಟಿಗೆ ಕಿವಿಗಳಿದ್ದವು, ನಿನಗೂ ಇವೆ.”