ಮುಂಬಾಗಿಲ ತಂಗಿ, ಹಿತ್ತಲ ಅಕ್ಕ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟವನ್ನು ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ. ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿದ್ದವು.

ಆಗ ಲೋಕ ಮಾಡಿದ ದೇವರು ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸಿ, ದೊಡ್ಡದೊಂದು ಹಂಡೆ ಹಿಡಿದು, ಒಬ್ಬೊಬ್ಬರಿಗೂ ಒಂದೊಂದು ಜೊತೆ ಬಡಿಸುತ್ತ ಬಂದ. ಎತ್ತಿಗೆ ಇನ್ನೊಂದು ಎತ್ತು. ಹೊಳೆಗೆ ಎರಡು ದಡ. ಗುಬ್ಬಿಗೆ ಗುಬ್ಬಿ. ಗಂಡನಿಗೆ ಹೆಂಡತಿ, ಹೆಂಡತಿಗೆ ಅತ್ತೆಯೂ ಸೇರಿ. ಯಾರೂ ಬೇಡ ಅನ್ನಲಿಲ್ಲ. ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ ನೋಡು, ಕಂದಾ.

ಪಂಕ್ತಿಯ ಕಟ್ಟಕಡೆಯಲ್ಲಿ ಕೂತವಳು ದ್ಯಾವಜ್ಜಿ. ಅವಳು ಹುಟ್ಟುವಾಗಲೇ ಅಜ್ಜಿ. ದೇವರು ಅವಳ ಹತ್ತಿರ ಬರುವ ಹೊತ್ತಿಗೆ ಸೌಟು ಹಂಡೆಯ ತಳ ಕೆರೆಯಿತು. ಕರ್ರ್, ಕರ್ರ್.

"ಮುಗದೋಯ್ತಲ್ಲವ್ವ," ಅಂದ ದೇವರು ಮುಖ ಸಣ್ಣದು ಮಾಡಿಕೊಂಡು.

ಹಂಡೆಯನ್ನು ಬೋರಲು ಹಾಕಿ ತಟ್ಟಿದ. ಅವಳ ಮಡಿಲಿಗೆ ಎರಡು ಬೀಜ ಬಿದ್ದವು. ಒಂದು ಮೆಣಸಿನ ಕಾಳಿನಷ್ಟು, ಕಪ್ಪಗೆ. ಇನ್ನೊಂದು ರಾಗಿಗಿಂತಲೂ ಸಣ್ಣ, ಊದಿದರೆ ಹಾರಿಹೋಗುವಷ್ಟು.

"ಇಷ್ಟಾದ್ರೂ ಸಿಕ್ತಲ್ಲ, ಬುಡಪ್ಪ," ಅಂದು ದ್ಯಾವಜ್ಜಿ ಸೆರಗಿನ ತುದಿಗೆ ಕಟ್ಟಿಕೊಂಡು ಎದ್ದಳು. ಬಾಯಲ್ಲಿ ಹಾಗಂದರೂ ಆ ಕೆರೆಯುವ ಸದ್ದು ಅವಳ ಕಿವಿಯಿಂದ ಹೋಗಲಿಲ್ಲ.

ಅವಳ ಮನೆ ಒಂದು ದಿಬ್ಬದ ಮೇಲಿತ್ತು. ಮುಂದೆ ಬರೀ ಮರಳು, ಕಲ್ಲು, ಸುಡು ಬಿಸಿಲು. ಹಿಂದೆ ಹಿತ್ತಲು, ಅಲ್ಲಿ ಬಚ್ಚಲ ನೀರು ಹರಿದು ನೆಲ ಯಾವಾಗಲೂ ತಣ್ಣಗೆ, ಮನೆಯ ನೆರಳಿನಲ್ಲಿ ಮಲಗಿರುತ್ತಿತ್ತು. ಸುತ್ತ ಎಲ್ಲಿಯೂ ಒಂದು ನರಪಿಳ್ಳೆಯಿಲ್ಲ. ಆಗಾಗ ಗಾಳಿ ಬಂದು ಊರೂರ ಸುದ್ದಿ ಹೇಳಿ ಓಡುತ್ತಿತ್ತು. "ಒಂದ್ ಗಳಿಗೆ ಕೂತ್ಕೊಳೋ," ಅಂದರೆ ಗಾಳಿ ಕೂರುತ್ತಿರಲಿಲ್ಲ. ಅದು ಯಾರ ಮನೆಯಲ್ಲೂ ಕೂತದ್ದಿಲ್ಲ.

ದ್ಯಾವಜ್ಜಿ ಎರಡು ಬೀಜವನ್ನೂ ಹೊಸ್ತಿಲ ಪಕ್ಕ ಸೂರಿನ ನೆರಳಿನಲ್ಲಿ ಒಂದೇ ಪಾತಿಗೆ ಹಾಕಿದಳು. ಕೂತಲ್ಲಿಂದಲೇ ಇಬ್ಬರೂ ಕಾಣಬೇಕು ಅವಳಿಗೆ. ಮೆಣಸಿನ ಕಾಳು ಮೊದಲು ಮೊಳೆಯಿತು, ಅದು ಅಕ್ಕ. ರಾಗಿಗಿಂತ ಸಣ್ಣದು ಆಮೇಲೆ ಮೊಳೆಯಿತು, ಅದು ತಂಗಿ.

ಮೊದಲ ಎಲೆ ಬಿಡುತ್ತಲೇ ಇಬ್ಬರೂ "ಅಜ್ಜೀ" ಅಂದರು. ಅದುವರೆಗೆ ಅವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಆ ಒಂದು ಮಾತಿಗೆ ದ್ಯಾವಜ್ಜಿ ಅಡುಗೆ ಮರೆತು ಮಧ್ಯಾಹ್ನದವರೆಗೂ ಅತ್ತಳು.

ಅವಳು ದಿನವೂ ತೆಂಗಿನ ಚಿಪ್ಪಿನ ಸೌಟು ಹಿಡಿದು ನೀರು ಬಡಿಸುತ್ತಿದ್ದಳು. "ಒಂದ್ ಸೌಟು ನಿಂಗೆ, ಒಂದ್ ಸೌಟು ನಿಂಗೆ." ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಸೌಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬಡಿಸುವಳು. ಪಂಕ್ತಿಭೇದ ಮಾಡಿದರೆ ಪಾಪ ಬರುತ್ತದೆ ಅನ್ನುವುದು ಲೋಕಕ್ಕೆಲ್ಲ ಗೊತ್ತು. ಪಂಕ್ತಿಯ ಕೊನೆಯಲ್ಲಿ ಕೂತವಳಿಗೆ ಇನ್ನೂ ಚೆನ್ನಾಗಿ ಗೊತ್ತು.

ಎಂಟು ದಿನವಾಗಿರಲಿಲ್ಲ, ತಂಗಿಯ ಕಾಂಡ ಮೆತ್ತಗಾಯಿತು.

"ಅಜ್ಜಿ, ಸಾಕು. ಬುಡವೆಲ್ಲ ಕೊಳೀತಾ ಐತೆ. ಚಳಿ ಆಯ್ತದೆ," ಅಂದಳು ತಂಗಿ.

"ಅಜ್ಜಿ, ನಂಗಿನ್ನೊಂದು ಸೌಟು," ಅಂದಳು ಅಕ್ಕ.

ದ್ಯಾವಜ್ಜಿ ಯೋಚಿಸಿದಳು. ಸೂರಿನ ಹುಲ್ಲು ಕಿತ್ತು ಇಬ್ಬರ ಮೇಲೂ ಬಿಸಿಲು ಬೀಳಿಸಿದಳು. ನೀರು ಅರ್ಧಕ್ಕೆ ಇಳಿಸಿದಳು. "ಅರ್ಧ ಸೌಟು ನಿಂಗೆ, ಅರ್ಧ ಸೌಟು ನಿಂಗೆ."

ತಂಗಿ ನೆಟ್ಟಗಾದಳು. ಆದರೆ ಅಕ್ಕ ಉರಿಬಿಸಿಲಿಗೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಳು. ಅಯ್ಯೋ ಅಂತ ಅಜ್ಜಿ ಮತ್ತೆ ಹುಲ್ಲು ಹೊದಿಸಿದಳು, ಮತ್ತೆ ತುಂಬು ಸೌಟು ಬಡಿಸಿದಳು. ಅಕ್ಕ ಚೇತರಿಸಿಕೊಂಡಳು, ತಂಗಿ ಕೊಳೆತಳು. ಹುಲ್ಲು ತೆಗೆ, ಹುಲ್ಲು ಹೊದಿಸು. ಒಬ್ಬಳು ಏಳುವಾಗ ಇನ್ನೊಬ್ಬಳು ಬೀಳುವಳು. ಮೊಗ್ಗಿನ ಮಾತು ಹಾಗಿರಲಿ, ಇಬ್ಬರಲ್ಲೂ ಮೂರೋ ನಾಲ್ಕೋ ಎಲೆ ಉಳಿದವು.

ಒಂದು ದಿನ ಗಾಳಿ ಬಂದಾಗ ದ್ಯಾವಜ್ಜಿ ಸೌಟು ಹಿಡಿದು ಸುಮ್ಮನೆ ನಿಂತಿದ್ದಳು.

"ಏನ್ ಅಜ್ಜಿ, ಮೊಮ್ಮಕ್ಕಳನ್ನ ಸಾಯಿಸ್ತಾ ಇದ್ದೀಯ?" ಅಂತು ಗಾಳಿ.

"ನಿನ್ನ ಬಾಯಿಗೆ ಮಣ್ಣು ಹಾಕ! ಒಂದು ಹನಿ ಭೇದ ಮಾಡಿಲ್ಲ ಕಣೋ ನಾನು."

"ಬಡಿಸೋದು ಒಂದೇ ಸಮ ಬಡಿಸ್ದೆ, ಸರಿ. ಹಸಿವು ಒಂದೇ ಸಮ ಐತಾ ಅಂತ ಕೇಳಿದ್ಯಾ? ಚಿಕ್ಕೋಳು ಬಿಸ್ಲು ತಿಂದು ಬದುಕೋಳು. ಮರಳು ಕೊಡು, ನೀರು ತೋರ್ಸಿ ಎತ್ಕೊ, ಸಾಕು. ದೊಡ್ಡೋಳಿಗೆ ತಂಪು ನೆಲ ಬೇಕು, ಕುಡಿಯೋಕೆ ಬೇಕು. ಒಬ್ಳನ್ನ ಮುಂದಿಡು, ಒಬ್ಳನ್ನ ಹಿತ್ತಲಿಗೆ ಹಾಕು."

"ನಡುವೆ ಮನೆ ಬಂದ್ಬುಡ್ತದಲ್ಲೋ. ಒಬ್ರಿಗೊಬ್ರು ಕಾಣಂಗಿಲ್ಲ. ನಂಗೂ ಇಬ್ರೂ ಒಟ್ಟಿಗೆ ಕಾಣಲ್ಲ."

ಗಾಳಿ ಆಗಲೇ ದಿಬ್ಬ ಇಳಿದು ಓಡಿತ್ತು. ಅದಕ್ಕೆ ಬೇರೆ ಕಡೆ ಕೆಲಸವಿತ್ತು.

ದ್ಯಾವಜ್ಜಿ ಮೂರು ದಿನ ಹಟ ಹಿಡಿದಳು. ಲೋಕದಲ್ಲಿ ಅವಳ ಪಾಲಿಗೆ ಬಂದದ್ದೇ ಎರಡು, ಅದನ್ನೂ ಒಡೆಯುವುದೆಂದರೆ ಹೇಗೆ? ನಾಲ್ಕನೆಯ ಬೆಳಿಗ್ಗೆ ಬಾಗಿಲು ತೆಗೆದಾಗ ತಂಗಿ ನೆಲಕ್ಕೆ ಒರಗಿದ್ದಳು. "ಅಜ್ಜೀ" ಅನ್ನುವ ದನಿಯೂ ಬರಲಿಲ್ಲ. ಅಜ್ಜಿ ಅಲ್ಲೇ ಕುಕ್ಕರಿಸಿ, ಬೆರಳಿನಿಂದಲೇ ಮಣ್ಣು ಬಿಡಿಸತೊಡಗಿದಳು. ಅಕ್ಕತಂಗಿಯರ ಬೇರು ಹೆಣೆದುಕೊಂಡಿದ್ದವು. ಒಂದೊಂದೇ ಎಳೆ ಬಿಡಿಸುವಾಗ ಇಬ್ಬರೂ ಅತ್ತರು. ಅವಳೂ ಅತ್ತಳು.

ತಂಗಿಯನ್ನು ಮುಂಬಾಗಿಲ ಮರಳಿನಲ್ಲಿ, ಕಲ್ಲುಗಳ ನಡುವೆ ಇಟ್ಟಳು. ಅಕ್ಕನನ್ನು ಹಿತ್ತಲ ಬಚ್ಚಲ ಮೋರಿಯ ಬಳಿ ಇಟ್ಟಳು.

"ಅಜ್ಜಿ, ಅಕ್ಕ ಎಲ್ಲಿ?" ಅಂದಳು ತಂಗಿ.

"ಐದಾಳೆ ಕಣವ್ವ, ಗೋಡೆ ಆಚೆ. ಬೆಳಿಗ್ಗೆ ನಿನ್ನ ತಾವ ಕೂತಿರ್ತೀನಿ. ಹೊತ್ತು ವಾಲಿದ ಮೇಲೆ ಅವಳ ತಾವ ಹೋಗ್ತೀನಿ. ನಿನ್ ಸುದ್ದಿ ಅವಳಿಗೆ ಹೇಳ್ತೀನಿ. ಅವಳ ಸುದ್ದಿ ನಾಳೆ ನಿಂಗೆ ತರ್ತೀನಿ."

ಹಾಗೇ ನಡೆಯಿತು. ತಂಗಿ ಬಿಸಿಲು ಕುಡಿದು ಎಲೆ ದಪ್ಪ ಮಾಡಿಕೊಂಡಳು. ಒಂದು ಬೆಳಿಗ್ಗೆ ಬಿಸಿಲೇರಿ ಅಜ್ಜಿ ಬಂದು ಕೂರುತ್ತಲೇ ಕೆಂಪಗೆ, ಹಳದಿಯಾಗಿ ಮೈತುಂಬ ಅರಳಿದಳು. ಅಜ್ಜಿ ಎದ್ದು ಹೊರಟಾಗ ಮುದುಡಿಕೊಂಡಳು.

"ಯಾಕವ್ವ, ಇನ್ನೂ ಬಿಸ್ಲೈತಲ್ಲ?"

"ನೀನೇ ಹೋದ್ಮೇಲೆ ಯಾರಿಗೆ ತೋರ್ಸೋಕೆ?"

ಹಿತ್ತಲಲ್ಲಿ ಅಕ್ಕ ನೀರು ಕುಡಿದು, ನೆಲದೊಳಗೆ ಗೆಡ್ಡೆ ಕಟ್ಟಿ, ಪೊದೆಯಾಗಿ ಬೆಳೆದಳು. ಅಜ್ಜಿ ಬರುವವರೆಗೆ ಮೊಗ್ಗುಗಳನ್ನು ಬಿಗಿಹಿಡಿದು, ಅವಳ ಹೆಜ್ಜೆ ಕೇಳಿದ ಮೇಲೆ ಒಂದೊಂದೇ ಬಿಚ್ಚುವಳು. ಮುಸ್ಸಂಜೆಗೆ ಅಜ್ಜಿಯ ಕಣ್ಣು ಮಂಜಾಗುತ್ತಿತ್ತು. ಬಣ್ಣ ಕಾಣದೆ ದಾರಿ ತಪ್ಪಿಯಾಳು ಅಂತ ಅಕ್ಕ ಹೂವಿಗೆ ಪರಿಮಳ ತುಂಬಿದಳು. ತಂಗಿಗೆ ಅದು ಬೇಕಾಗಲಿಲ್ಲ. ಅಷ್ಟು ಬೆಳಕಿನಲ್ಲಿ ಯಾರಿಗೆ ತಾನೇ ಕಾಣುವುದಿಲ್ಲ?

ಮೋಡದ ದಿನ ಅಜ್ಜಿಗೆ ಮಂಡಿನೋವು. ಮುಂಬಾಗಿಲ ಮೆಟ್ಟಿಲು ಇಳಿಯಲಾರಳು. ಅಂದು ತಂಗಿ ಅರಳುತ್ತಲೇ ಇರಲಿಲ್ಲ. ಅಜ್ಜಿ ಒಳಗಿನಿಂದಲೇ ಹಿತ್ತಲಿಗೆ ಬೇಗ ಬಂದುಬಿಡುವಳು ಅಂತ ಅಕ್ಕ ಬೇಗ ಅರಳುವಳು.

ಮಿಕ್ಕ ದಿನ ಅಜ್ಜಿ ಇಳಿದ ಮೆಟ್ಟಿಲು ಮತ್ತೆ ಹತ್ತಲಾರದೆ ಮನೆಯನ್ನು ಸುತ್ತಿಕೊಂಡು, ಗೋಡೆ ಹಿಡಿದು ನಡೆಯುವಳು. ಮೊದಮೊದಲು ಅದು ನಾಲ್ಕು ಹೆಜ್ಜೆಯ ದಾರಿ. ವರುಷ ಕಳೆದಂತೆ ಮೂಲೆಯ ಒರಳುಕಲ್ಲಿನ ಮೇಲೆ ಒಮ್ಮೆ ಕೂತು ಏಳಬೇಕಾಯಿತು. ಆಮೇಲೆ ಎರಡು ಸಲ. ಕೊನೆಗೆ ಆ ನಾಲ್ಕು ಹೆಜ್ಜೆಗೆ ಇಡೀ ಮಧ್ಯಾಹ್ನ ಬೇಕಾಯಿತು. ಅಷ್ಟು ಹೊತ್ತೂ ಮುಂದೆ ತಂಗಿ ಮುದುಡಿರುವಳು, ಹಿಂದೆ ಅಕ್ಕ ಅರಳಿರುತ್ತಿರಲಿಲ್ಲ. ಅಜ್ಜಿ ಒಬ್ಬಳೇ ಗೋಡೆಯ ಜೊತೆ ಇರುವಳು. ಆದರೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಅಕ್ಕನಿಗೆ ಹೇಳಬೇಕಾದ ತಂಗಿಯ ಸುದ್ದಿ ಮರೆತುಹೋಗದಿರಲಿ ಅಂತ ಹೇಳಿಕೊಳ್ಳುತ್ತಲೇ ಬರುವಳು.

ಒಂದು ದಿನ ಮುಂಬಾಗಿಲಿಂದ ಹೊರಟ ದ್ಯಾವಜ್ಜಿ ಹಿತ್ತಲು ಮುಟ್ಟಲಿಲ್ಲ.

ಗಾಳಿ ಅವಳನ್ನು ಒರಳುಕಲ್ಲಿನ ಬಳಿ ನೋಡಿತು. ಕೂಗಿತು, ಸೆರಗು ಎಳೆಯಿತು. ಅವಳು ಏಳಲಿಲ್ಲ. ಹಿತ್ತಲಿಗೆ ಓಡಿತು. ಅಲ್ಲಿ ಹೆಜ್ಜೆ ಕೇಳದಿದ್ದರೂ ಅಕ್ಕ ಅರಳಿ ನಿಂತಿದ್ದಳು. ಎಂದಿಗಿಂತ ಹೆಚ್ಚು ಪರಿಮಳ ಬಿಟ್ಟಿದ್ದಳು.

"ಗಾಳಿಯಣ್ಣ, ಅಜ್ಜಿ ಇನ್ನೂ ದಾರೀಲಿ ಐದಾಳೆ, ಅಲ್ವಾ?"

ಲೋಕದ ಸುದ್ದಿಯನ್ನೆಲ್ಲ ಹೊತ್ತು ತಿರುಗಿದ ಗಾಳಿಗೆ ಈ ಸುದ್ದಿ ಬಾಯಿಗೆ ಬರಲಿಲ್ಲ.

"ಹ್ಞೂಂ ಕಣವ್ವ," ಅಂತು. "ದಾರೀಲಿ ಐದಾಳೆ."

ಹಾಗಂದು, ಅಜ್ಜಿ ಅಷ್ಟು ವರುಷ ಬೇಡಿಕೊಂಡರೂ ಕೂರದಿದ್ದ ಗಾಳಿ ಅಂದು ಅಕ್ಕನ ಪಕ್ಕದಲ್ಲಿ ಕೂತಿತು. ಈಗಲೂ ಕೆಲವು ಸಂಜೆ ಒಂದು ಎಲೆಯೂ ಅಲುಗುವುದಿಲ್ಲವಲ್ಲ, ಆಗ ಗಾಳಿ ಅವಳ ಪಕ್ಕ ಕೂತಿದೆ ಅಂತ ಲೆಕ್ಕ. ಮರುದಿನ ಬಿಸಿಲೇರಿದಾಗ ಮುಂದೆ ಹೋಗಿ ತಂಗಿಗೂ ಅದನ್ನೇ ಹೇಳಿತು. ತಂಗಿ ನಂಬಿದಳು, ಅರಳಿದಳು.

ಇಬ್ಬರೂ ಇವತ್ತಿಗೂ ಅಜ್ಜಿಯ ಹೊತ್ತು ತಪ್ಪಿಸಿಲ್ಲ. ತಂಗಿಯನ್ನು ನಾವು ಹತ್ತು ಗಂಟೆ ಹೂವು ಅನ್ನುತ್ತೇವೆ, ಅಕ್ಕನನ್ನು ಸಂಜೆಮಲ್ಲಿಗೆ ಅನ್ನುತ್ತೇವೆ. ಕಂದಾ, ನಿಮ್ಮ ಮನೆಯ ಮುಂದೆ ಹತ್ತು ಗಂಟೆ ಹೂವು ಮುದುಡಿ, ಹಿತ್ತಲ ಸಂಜೆಮಲ್ಲಿಗೆ ಇನ್ನೂ ಅರಳದೆ, ಎತ್ತ ನೋಡಿದರೂ ಇಬ್ಬರ ಒಂದು ಹೂವೂ ಇಲ್ಲದ ಮಧ್ಯಾಹ್ನದ ಹೊತ್ತೊಂದು ಇದೆಯಲ್ಲ, ಆಗ ಗೋಡೆಯ ಪಕ್ಕ ಓಡಾಡಬೇಡ, ಸ್ವಲ್ಪ ದಾರಿ ಬಿಡು. ದ್ಯಾವಜ್ಜಿ ನಡೆದು ಬರುತ್ತಿದ್ದಾಳೆ.