ಪಂಪಿನ ಆರು ನಿಮಿಷ

ಕೋಳಿ ಸಾಕುವ ಸಣ್ಣ ಶೆಡ್ಡೊಂದರಲ್ಲಿ ಬೆಳಗ್ಗೆಯೇ ಕರೆಂಟು ಹೋಯಿತು. ಇನ್ನು ಎಲ್ಲಕ್ಕೂ ಇನ್ವರ್ಟರಿನ ಹಳೆಯ ಬ್ಯಾಟರಿಯೇ ಗತಿ. ಮರಿಗಳ ನೀರಿನ ತೊಟ್ಟಿ ಬರಿದಾಗಿದ್ದರಿಂದ ಪಂಪು ಬ್ಯಾಟರಿಯನ್ನು ಕೇಳಿತು: "ನನಗೆ ಐನೂರು ವ್ಯಾಟ್ ಕೊಡು. ತೊಟ್ಟಿ ತುಂಬಿಸುತ್ತೇನೆ."

"ಐನೂರೇ?" ಎಂದಿತು ಬ್ಯಾಟರಿ. "ಉಗ್ರಾಣದ ಬಲ್ಬನ್ನು ನೋಡಿ ಕಲಿ. ಐವತ್ತರಲ್ಲೇ ತೃಪ್ತವಾಗಿದೆ. ನಿನ್ನಂಥ ಹೊಟ್ಟೆಬಾಕನಿಗೆ ಕೊಟ್ಟರೆ ನಾನೇ ಬರಿದಾಗುತ್ತೇನೆ."

"ನನಗೆ ಆರು ನಿಮಿಷ ಸಾಕು," ಎಂದಿತು ಪಂಪು. ಬ್ಯಾಟರಿ ಕಿವಿಗೊಡಲಿಲ್ಲ.

ಯಾರೂ ಇಲ್ಲದ ಉಗ್ರಾಣದಲ್ಲಿ ಬಲ್ಬು ಉರಿಯುತ್ತಲೇ ಇತ್ತು. ಮಧ್ಯಾಹ್ನ ಬಿಸಿಲೇರಿದಾಗ ತಾಯಿಕೋಳಿ ಓಡಿ ಬಂದು, "ಬ್ಯಾಟರಿಯಣ್ಣ, ಮರಿಗಳು ಬಾಯಿ ಬಿಡುತ್ತಿವೆ. ಪಂಪು ನಡೆಸು," ಎಂದು ಬೇಡಿತು. ಬ್ಯಾಟರಿ ಕನಿಕರದಿಂದ ಒಪ್ಪಿತು. ಆದರೆ ಪಂಪು ಒಮ್ಮೆ ನರಳಿ ನಿಂತುಬಿಟ್ಟಿತು. ಬ್ಯಾಟರಿಯಲ್ಲಿ ಏನೂ ಉಳಿದಿರಲಿಲ್ಲ.

"ನಾನು ಯಾರಿಗೂ ಹೆಚ್ಚು ಕೊಡಲಿಲ್ಲವಲ್ಲ," ಎಂದಿತು ಬ್ಯಾಟರಿ.

"ವ್ಯಾಟ್ ಎಂದರೆ ಉಣ್ಣುವ ವೇಗ ಮಾತ್ರ," ಎಂದಿತು ಪಂಪು. "ಎಷ್ಟು ಹೊತ್ತು ಉಂಡರೆಂಬುದರಿಂದ ಅದನ್ನು ಗುಣಿಸಿದರೆ ಖರ್ಚು ತಿಳಿಯುತ್ತದೆ. ನನ್ನ ಆರು ನಿಮಿಷಕ್ಕೆ ಬೇಕಿದ್ದಷ್ಟನ್ನು ಬಲ್ಬು ಮೊದಲ ಒಂದು ಗಂಟೆಯಲ್ಲೇ ಉಂಡಿತ್ತು. ಆಮೇಲೂ ಉಣ್ಣುತ್ತಲೇ ಇತ್ತು."

ಸಂಜೆ ಕರೆಂಟು ಬಂದು ತೊಟ್ಟಿ ತುಂಬಿತು. ತಾಯಿಕೋಳಿ ಮರಿಗಳನ್ನು ಕರೆಯಿತು. ಮೂರು ಮರಿಗಳು ಏಳಲಿಲ್ಲ.

"'ಎಷ್ಟು ಹೊತ್ತು?' ಎಂದು ನಾನು ಬಲ್ಬನ್ನು ಕೇಳಲೇ ಇಲ್ಲ, ತಾಯಿ," ಎಂದಿತು ಬ್ಯಾಟರಿ. ತಾಯಿಕೋಳಿ ಉಳಿದ ಮರಿಗಳನ್ನು ನೀರಿನ ಕಡೆಗೆ ನಡೆಸಿಕೊಂಡು ಹೋಯಿತು.