ತಡವಾಗಿ ಬರುವ ತಂತಿ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಾಳಿಗೆಮನೆ. ಅಲ್ಲಿ ಪಡದಯ್ಯನವರು ಹಾಡು ಕಲಿಸುತ್ತಿದ್ದರು. ನಿಮ್ಮ ಹಾಡನ್ನು ಯಂತ್ರಕ್ಕೆ ತುಂಬಿಕೊಳ್ಳುತ್ತೇವೆ ಎಂದು ಯಾರಾದರೂ ಬಂದರೆ ಹೊಸ್ತಿಲಿನಿಂದಲೇ ಸಾಗಹಾಕುತ್ತಿದ್ದರು.

ಒಬ್ಬ ಶಿಷ್ಯನಿಗೆ ಮಾತ್ರ, ಒಂದೇ ಒಂದು ಸಲ, ಹೂಂ ಅಂದಿದ್ದರು. ಅದೂ ತಾವಾಗಿ ಅಂದದ್ದಲ್ಲ. ಹಿಂದೆ ಕೂತು ತಂಬೂರಿ ನುಡಿಸುತ್ತಿದ್ದ ಹೆಂಡತಿ ದಾನಮ್ಮ ಅನಿಸಿದ್ದು.

"ನಮ್ಮ ಕಲ್ಮೇಶ ಕೇಳಾಕತ್ತಾನ. ಯಾಕ ಅವನ ಮನಸು ಮುರೀತೀರಿ?"

ಆ ಬೆಳಿಗ್ಗೆ ಪಡದಯ್ಯನವರು ಹಾಡಿದರು, ದಾನಮ್ಮ ನುಡಿಸಿದರು. ಕಲ್ಮೇಶ ಅದನ್ನು ಕಂಪ್ಯೂಟರಿಗೆ ತುಂಬಿಕೊಂಡು ಶಹರಕ್ಕೆ ಹೋದ.

ಹೋದವನು ಒಂದು ಕೋಣೆಯಲ್ಲಿ ಪರದೆ ಎಳೆದುಕೊಂಡು ಕೂತ. ಗುರುವಿನ ದನಿಯನ್ನು ತುಂಡು ಮಾಡಿದ, ಎಳೆದ, ಹಿಂದುಮುಂದು ಮಾಡಿದ. ಅವರು ಹಾಡಿದ ಒಂದು 'ಆ'ಕಾರವನ್ನು ಹಿಗ್ಗಿಸಿ ಹಿಗ್ಗಿಸಿ ಹೊಳೆಯಷ್ಟು ಉದ್ದ ಮಾಡಿದ. ಕೆಳಗೆ ಯಂತ್ರದ ಗುದ್ದು, ಮೇಲೆ ಯಂತ್ರದ ಗುಂಯ್‌ಗುಟ್ಟುವಿಕೆ. ಹೀಗೆ ಒಂದು ಆಲ್ಬಮ್ ಆಯಿತು. ಅದಕ್ಕೆ 'ಶೂನ್ಯಶ್ರುತಿ' ಎಂದು ಭಾರೀ ಹೆಸರನ್ನೂ ಇಟ್ಟ.

ಹೊರಗೆ ಬಿಡುವ ಮೊದಲು ಕೇಳಿದ ಗೆಳೆಯರಲ್ಲಿ ಕೆಲವರು ಕಣ್ಣು ಮುಚ್ಚಿ ಕೂತುಬಿಟ್ಟರು. ಕೆಲವರು ಫ್ಯಾನ್ ಕೆಟ್ಟಿತೇನೋ ಎಂದು ಮೇಲೆ ನೋಡಿದರು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಇತ್ತು.

ಆಲ್ಬಮ್ಮಿನ ಕೆಲಸ ಇನ್ನೂ ನಡೆದಿದ್ದಾಗಲೇ ದಾನಮ್ಮ ತೀರಿಕೊಂಡ ಸುದ್ದಿ ಬಂದಿತ್ತು.

ಇದೊಂದು ಭಾಗ ಮುಗಿಸಿ ಹೊರಡೋಣ ಅಂದುಕೊಂಡ ಕಲ್ಮೇಶ. ಅದು ಮುಗಿಯಲಿಲ್ಲ, ಇವನು ಅವರ ಮಣ್ಣಿನ ಹೊತ್ತಿಗೆ ಊರು ಮುಟ್ಟಲಿಲ್ಲ. ಆಮೇಲೆ ಹೋಗಲು ಮುಖವಿರಲಿಲ್ಲ.

ಆದರೆ ಗುರುವಿನ ಹೂಂ ಇಲ್ಲದೆ ಆಲ್ಬಮನ್ನು ಹೊರಗೆ ಬಿಡಲು ಅವನ ಮನಸ್ಸು ಒಪ್ಪಲಿಲ್ಲ. ಕೊನೆಗೆ ಬಂದ.

ಪಡದಯ್ಯನವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಸೊರಗಿದ್ದರು. ಯಾಕೆ ಬರಲಿಲ್ಲ ಎಂದು ಕೇಳಲೇ ಇಲ್ಲ.

"ಕೂಡು. ಏನ ತಂದಿ?"

ಕಲ್ಮೇಶ ಅವರ ಕಿವಿಗೆ ಹೆಡ್‌ಫೋನ್ ಇಟ್ಟ. ತಾನು ಎರಡು ಮೆಟ್ಟಿಲು ಕೆಳಗೆ ಕೂತ. ಗುರು ಕಣ್ಣು ಮುಚ್ಚಿ ಕೇಳುತ್ತಿದ್ದರೆ ಇವನು ಅವರ ಮುಖವನ್ನೇ ನೋಡುತ್ತಿದ್ದ.

ಬಹಳ ಹೊತ್ತಿನ ಮೇಲೆ ಪಡದಯ್ಯನವರು ನಕ್ಕರು.

"ನನ್ನ ದನಿ ಒಯ್ದು ಹೊಳಿಯೊಳಗ ಬಿಟ್ಟೀಯಲ್ಲೋ! ಚಲೋ ಐತಿ."

"ಬೈತೀರಿ ಅಂತ ತಿಳಿದಿದ್ದೆರಿ."

"ಹೊಸಾದು ಮಾಡಿದ್ದಕ್ಕ ಯಾಕ ಬೈಲಿ? ನಾನೂ ನನ್ನ ಗುರುಗಳು ಹೇಳಿದಂಗ ಹಾಡಲಿಲ್ಲ."

ಕಲ್ಮೇಶನಿಗೆ ಹೋದ ಜೀವ ಬಂದಂತಾಯಿತು. ಇನ್ನೇನು ಹೂಂ ಅನ್ನುತ್ತಾರೆ ಅಂದುಕೊಂಡ.

ಗುರು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದರು. ಹುಬ್ಬು ಗಂಟಾಯಿತು.

"ಹಿಂದ ತಂಬೂರಿ ಯಾರದು?"

"ಅಮ್ಮಾವರದರಿ."

"ಅಲ್ಲ."

"ಅವರದ ರೀ. ಸ್ವಲ್ಪ ಸರಿ ಮಾಡೇನಿ, ಅಷ್ಟ."

"ಸರಿ ಅಂದ್ರ?"

ಕಲ್ಮೇಶ ಹುರುಪಿನಿಂದಲೇ ಹೇಳಿದ. ಪರದೆಯ ಮೇಲೆ ಸಮನಾದ ಗೆರೆಗಳಿರುತ್ತವೆ. ಪ್ರತಿ ಮೀಟೂ ಗೆರೆಯ ಮೇಲೆ ಬಂದು ಕೂರಬೇಕು, ಇಲ್ಲದಿದ್ದರೆ ಯಂತ್ರದ ತಾಳದ ಜೊತೆ ಸೇರುವುದಿಲ್ಲ. ಅಮ್ಮನ ಮೂರು ತಂತಿ ಸರಿಯಾಗಿಯೇ ಇದ್ದವು. ಕೊನೆಯ ದಪ್ಪ ತಂತಿ ಮಾತ್ರ ಪ್ರತಿ ಸಲ ಕೊಂಚ ತಡ. ಅದನ್ನೆಲ್ಲ ಎಳೆದು ಗೆರೆಗೆ ಕೂರಿಸಿದೆ, ಎಂದ.

"ಕೂರಿಸಿದ ಮ್ಯಾಲ ಏನಾತು?"

ಕಲ್ಮೇಶ ತಡವರಿಸಿದ. "ನಿಮ್ಮ ದನಿ ತಡ ಆದಂಗ ಕೇಳಸ್ತರಿ. ಅದನ್ನೂ... ಒಂಚೂರು ಮುಂದಕ್ಕ ತಂದೆ."

ಪಡದಯ್ಯನವರು ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಹರೇದಾಗ ಆಕಿ ತೋರುಬೆರಳು ಒಳಕಲ್ಲಿಗೆ ಸಿಕ್ಕಿತ್ತು. ಪೂರಾ ಬಗ್ಗತಿರಲಿಲ್ಲ. ಕಡೀ ತಂತಿಗೆ ಮುಟ್ಟೂದರಾಗ ಹೊತ್ತಾಗತಿತ್ತು."

ಕಲ್ಮೇಶ ಎಷ್ಟೋ ವರ್ಷ ಆ ಮನೆಯಲ್ಲಿ ಉಂಡವನು. ಬಡಿಸುತ್ತಿದ್ದ ಆ ಕೈಯ ಬೆರಳನ್ನು ಒಮ್ಮೆಯೂ ನೋಡಿರಲಿಲ್ಲ.

"ಮೊದಮೊದಲು ನಾನೂ ಬೈತಿದ್ದೆ," ಎಂದರು ಗುರು. "ಒಂದಿನ ಆಕಿ ಅಳಾಕತ್ತಿದ್ಲು. ಆಮ್ಯಾಲ ಬೈಯೂದು ಬಿಟ್ಟು ಕಾಯಾಕ ಕಲ್ತೆ. ಆಕಿ ತಂತಿ ಬಂದ ಮ್ಯಾಲ ನನ್ನ ಸ್ವರ. ನನ್ನ ಹಾಡಿಕಿ ಅಂತ ಮಂದಿ ಏನ ಅಂತಾರಲ್ಲ, ಅದು ಅಷ್ಟ."

ಹೊಳೆಯ ಕಡೆ ನೋಡುತ್ತಾ ಅವರು ಮತ್ತೆ ಅಂದರು, "ಕಾಯಾಕ ಕಲ್ತೇನಿ ಅಂತ ಆಕಿಗೆ ಹೇಳಲಿಲ್ಲ. ಕಡೀತನಕಾ ನನ್ನಿಂದ ನಿಮಗ ತಡ ಆಗತೈತಿ ಅಂತಿದ್ಲು. ಇರ್ಲಿ. ನೀ ಸರಿ ಮಾಡೂಕಿಂತ ಮೊದಲಿಂದು ಐತೆಲ್ಲ, ಅದನ್ನ ಒಮ್ಮೆ ಕೇಳಸು."



"ಅದು ಇಲ್ರಿ."

"ಇಲ್ಲ ಅಂದ್ರ?"

"ಅದರ ಮ್ಯಾಲ ಇದನ್ನ ಉಳಿಸಿದೆರಿ. ಹಳೇದು ಹೋತು. ಬೇಕಾಗೂದಿಲ್ಲ ಅಂತ..."

ದಾನಮ್ಮ ತಾವೇ ಬೇಡಿ ಕೊಡಿಸಿದ್ದ ಬೆಳಗು ಅದು. ಅವರದೆಂದು ಲೋಕದಲ್ಲಿ ಉಳಿದಿದ್ದ ಒಂದೇ ನಾದವನ್ನು ಅವನು ತನ್ನ ಕೈಯಾರೆ ಅಳಿಸಿದ್ದ. ಆ ಹೊತ್ತಿನಲ್ಲಿ ತನಗೆ ಖುಷಿಯೂ ಆಗಿತ್ತೆಂಬುದು ನೆನಪಾಗಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವನು ಗುರುವಿನ ಕಾಲು ಹಿಡಿದ. "ಇದನ್ನ ಹೊರಗ ಬಿಡೂದಿಲ್ರಿ. ಇಲ್ಲೇ ಅಳಿಸಿಬಿಡ್ತೀನಿ."

"ಮತ್ತ ಅಳಸ್ತಿ? ಬ್ಯಾಡ. ಬಿಡು ಹೊರಗ. ಚಲೋ ಮಾಡೀದಿ. ಅದರಾಗ ನಾವಿಬ್ಬರೂ ಇಲ್ಲ, ಅಷ್ಟ."

ಅವನು ಕೇಳಲು ಬಂದಿದ್ದ ಹೂಂ ಅದು. ಸಿಕ್ಕಿತು. ಅದನ್ನು ಇಟ್ಟುಕೊಂಡು ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ.

"ಗುರುಗಳ, ಎಷ್ಟು ತಡ ಆಗತಿತ್ತು ಅಂತ ಹೇಳ್ರಿ. ಅಷ್ಟ ತಡ ಮಾಡಿ ಮತ್ತ ಕೂರಸ್ತೀನಿ. ಯಂತ್ರದಾಗ ಆಗತೈತ್ರಿ."

"ಎಷ್ಟು ಅಂತ ನನಗ ಹ್ಯಾಂಗ ಗೊತ್ತಾಗಬೇಕು? ಥಂಡಿ ಇದ್ದರ ಹೆಚ್ಚು. ನನ್ನ ಮ್ಯಾಲ ಸಿಟ್ಟಿದ್ದರ ಇನ್ನೂ ಹೆಚ್ಚು."

ಪಡದಯ್ಯನವರು ಎದ್ದು ಒಳಗೆ ಹೋದರು. ಕಲ್ಮೇಶ ಹಿಂದೆಯೇ ಹೋದ.

ತಂಬೂರಿ ಮೂಲೆಯಲ್ಲಿ ಗವಸು ಹೊದ್ದು ನಿಂತಿತ್ತು. ದಾನಮ್ಮ ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಗುರು ಗವಸು ತೆಗೆದು ಧೂಳು ಒರೆಸಿದರು. ಬಿರಡೆ ತಿರುವಿ ತಾವೇ ಶ್ರುತಿ ಮಾಡಿದರು. ಆಮೇಲೆ ಅದನ್ನು ಕಲ್ಮೇಶನ ಕೈಗೆ ಕೊಟ್ಟು ಎದುರಿಗೆ ಕೂತರು.

"ನುಡಸು."

ಕಲ್ಮೇಶ ನುಡಿಸಿದ. ನಾಲ್ಕು ತಂತಿಯೂ ಸಮನಾಗಿ ಬಂದವು.

ಗುರು ಬಾಯಿ ತೆರೆದರು. ದನಿ ಹೊರಡಲಿಲ್ಲ. ಮುಚ್ಚಿಕೊಂಡರು.

ಕಲ್ಮೇಶನಿಗೆ ಅರ್ಥವಾಯಿತು. ಬೆರಳು ಬಿಗಿಮಾಡಿ, ಕೊನೆಯ ತಂತಿಯನ್ನು ಬೇಕೆಂದೇ ತಡೆದು ಮೀಟಿದ. ಮತ್ತೆ ಮೀಟಿದ. ಕಣ್ಣೀರು ಇಳಿದು ತಂಬೂರಿಯ ಬುರುಡೆಯ ಮೇಲೆ ಬೀಳುತ್ತಿತ್ತು.

ಗುರು ತಲೆ ತಗ್ಗಿಸಿ ಕೇಳುತ್ತಲೇ ಇದ್ದರು.

"ಹಿಂಗ ಏನ್ರೀ?" ಎಂದ ಕಲ್ಮೇಶ.

"ಇಲ್ಲೋ. ನೀ ತಡ ಮಾಡಾಕತ್ತೀದಿ. ಆಕಿ ತಡ ಮಾಡತಿರಲಿಲ್ಲ, ಬರಾಕತ್ತಿರತಿದ್ಲು."

ಕಲ್ಮೇಶನ ಕೈ ತಂತಿಯ ಮೇಲೆಯೇ ನಿಂತಿತು.

"ನಿಲ್ಲಿಸಬ್ಯಾಡ," ಎಂದರು ಪಡದಯ್ಯನವರು. "ನುಡಸಕೋಂತ ಇರು. ನನಗ ಕಾದು ರೂಢಿ ಐತಿ."